ನಾನ್‌ಖಟಾಯಿ ತಿಂದ ಸಾಕ್ಷಿ

ಸಂಜೆಯ ಚಹಾ ಮುಗಿಯಿತೆಂದರೆ ಬೇಜನ್‌ಜಿ ಸೇಠರು ಬಂಗಲೆಯ ವರಾಂಡದಲ್ಲಿ ಕೂತು ನಾಯಿಗೆ ನಾನ್‌ಖಟಾಯಿ ಬಿಸ್ಕತ್ತು ತಿನ್ನಿಸುತ್ತಿದ್ದರು. ಒಂದೊಂದೇ ಚೂರು ಮುರಿದು, ಅಂಗೈಯಲ್ಲಿಟ್ಟು, ನಾಯಿಯ ಮೂತಿಗೆ ಹಿಡಿದು, "ತಿನ್ನು ಮಖ್ಖಣ್, ತಿನ್ನು. ನನ್ನ ಮೈವಾಸನೆ ಚೆನ್ನಾಗಿ ನೆನಪಿಟ್ಕೋ ಮಗನೇ" ಎನ್ನುತ್ತಿದ್ದರು. ರಸ್ತೆಯಲ್ಲಿ ಹೋಗುವ ಜನ ಇದನ್ನು ನೋಡಿ ಕರಗಿಹೋಗುತ್ತಿದ್ದರು. ಹತ್ತಿ ಗಿರಣಿಯ ಧಣಿ, ಮುನಿಸಿಪಾಲಿಟಿಯ ಅಧ್ಯಕ್ಷ, ಖಾರೀಬಂದರ ಎಂಬ ಆ ಊರಿಗೆ ನಲ್ಲಿ ನೀರು ತಂದವರು, ಆಸ್ಪತ್ರೆ ಕಟ್ಟಿಸಿದವರು, ದರಬಾರಿನಲ್ಲಿ ಗವರ್ನರ್ ಸಾಹೇಬರ ಹತ್ತಿರದ ಕುರ್ಚಿಯಲ್ಲಿ ಕೂರುವವರು. ಅಂಥವರಿಗೆ ಒಂದು ನಾಯಿಯ ಮೇಲೂ ಎಷ್ಟೊಂದು ಕರುಣೆ ನೋಡಿ ಎನ್ನುತ್ತಿದ್ದರು.

ಕರುಣೆಯೂ ಇಲ್ಲ, ಮಣ್ಣೂ ಇಲ್ಲ. ಅದು ಭಯ. ಶುದ್ಧ ಭಯ. ಅದನ್ನು ಬಲ್ಲವರು ಇಡೀ ಊರಿನಲ್ಲಿ ಇಬ್ಬರೇ, ಸೇಠರು ಮತ್ತು ಅವರ ಹೆಂಡತಿ ಜೆರ್‌ಬಾಯಿ.

ಮಖ್ಖಣ್ ಮನೆ ಕಾಯುವ ನಾಯಿಯಲ್ಲ. ಕಣ್ಣುಗಳ ಮೇಲೆ ಇನ್ನೆರಡು ಕಣ್ಣಿನಂತೆ ಕಂದು ಮಚ್ಚೆ ಇರುವ ಅದು ಪಾರ್ಸಿಗಳ ಪಂಚಾಯತಿಯಾದ ಅಂಜುಮನ್ನಿನ ನಾಯಿ. ಪಾರ್ಸಿಗಳಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಅದನ್ನು ಕರೆತಂದು ಹೆಣದ ಮುಖ ತೋರಿಸಬೇಕು. ಅದು ಒಮ್ಮೆ ನೋಡಿ ಮುಖ ತಿರುಗಿಸಿತೋ, ಜೀವ ಹೋಗಿದೆ ಎಂದರ್ಥ. ನೆಟ್ಟ ನೋಟ ಕೀಳದೆ ನಿಂತಿತೋ, ಬೊಗಳಿತೋ, ಒಳಗೆ ಇನ್ನೂ ಉಸಿರಿದೆ ಎಂದು ಆ ಊರಿನ ಹೆಂಗಸರ ನಂಬಿಕೆ. ಡಾಕ್ಟರು ತಪ್ಪಬಹುದು, ನಾಯಿ ತಪ್ಪುವುದಿಲ್ಲ ಎನ್ನುತ್ತಿದ್ದರು. ಅದಕ್ಕೇ ಸೇಠರು ಅಂಜುಮನ್ನನ್ನು ಕೇಳಿಕೊಂಡು ಆ ನಾಯಿಯನ್ನು ಮರಿಯಿದ್ದಾಗಲೇ ತಮ್ಮ ಬಂಗಲೆಗೆ ತಂದು ಸಾಕಿದ್ದು. ತಮ್ಮ ದಿನ ಬಂದಾಗ ಅದು ತಪ್ಪಬಾರದಲ್ಲ!

ಇಷ್ಟು ಭಯಪಡಲು ಅವರಿಗೆ ಕಾರಣವಿತ್ತು. ಮದುವೆಯಾದ ಹೊಸದರಲ್ಲಿ, ಜೆರ್‌ಬಾಯಿಯ ಕೈಯ ಬಳೆಯ ಹೊಳಪು ಇನ್ನೂ ಮಾಸದಿದ್ದ ದಿನಗಳಲ್ಲಿ, ಒಂದು ಬೆಳಿಗ್ಗೆ ಬೇಜನ್‌ಜಿ ಹಾಸಿಗೆಯಿಂದ ಏಳಲಿಲ್ಲ. ಮೈ ಮರಗಟ್ಟಿತ್ತು. ತುಟಿ ನೀಲಿ. ಮೂಗಿನ ಹತ್ತಿರ ಹಿಡಿದ ಹತ್ತಿಯ ಎಳೆ ಅಲುಗಲಿಲ್ಲ. ಅತ್ತೆ ಎದೆ ಬಡಿದುಕೊಂಡರು, ಜೆರ್‌ಬಾಯಿ ಮೂಲೆಯಲ್ಲಿ ಕುಸಿದಳು. ಹೆಣ ಹೊರುವವರಿಗೆ ಹೇಳಿಕಳಿಸಬೇಕು ಎನ್ನುವಷ್ಟರಲ್ಲಿ ಹಾಸಿಗೆಯ ಕಡೆಯಿಂದ ಒಂದು ದನಿ ಬಂತು. "ಯಾಕೆ ಎಲ್ಲಾ ಅಳ್ತಾ ಇದೀರಿ? ಜೆರೂ, ಚಹಾ ಆಯ್ತಾ?"

ಅತ್ತೆ ಅವತ್ತೇ ಸೊಸೆಯ ಕೈ ಹಿಡಿದು ಆಣೆ ಮಾಡಿಸಿಕೊಂಡರು. "ಇದು ಹೊರಗೆ ಬಿದ್ರೆ ನನ್ನ ಮಗನ ಬಾಳು ಮುಗೀತು ಅಂತ ತಿಳ್ಕೋ. ಮಧ್ಯಾಹ್ನ ಹತ್ತಿ ಸೌದಾ ಮಾಡಿ ಸಂಜೆ ಹೆಣ ಆಗಿ ಬೀಳೋನ ಜೊತೆ ಯಾವನು ವ್ಯಾಪಾರ ಮಾಡ್ತಾನೆ?" ಮಾತು ಸುಳ್ಳಲ್ಲ. ಬೇಜನ್‌ಜಿಯ ಅಪ್ಪ ಹರಿದ ಗೋಣಿಚೀಲಗಳನ್ನು ಹೊಲಿದು ಮಾರುತ್ತಿದ್ದವರು. ಮಗ ಬಂದರಿನ ಕಟ್ಟೆಯ ಮೇಲೆ ಚೆಲ್ಲಿದ ಹತ್ತಿಯನ್ನು ಗುಡಿಸಿ ಕೂಡಿಟ್ಟು ಅದರಿಂದಲೇ ಮೇಲೆ ಬಂದವನು. ಅವನ ಹತ್ತಿರ ಇದ್ದದ್ದು ಬಾಯಿಮಾತಿನ ನಂಬಿಕೆಯೊಂದೇ.

ಹಾಗೆ ಆ ಗುಟ್ಟು ಮನೆಯ ಗೋಡೆಗಳೊಳಗೇ ಉಳಿಯಿತು. ಬೇಜನ್‌ಜಿ ಬೇಜನ್‌ಜಿ ಸೇಠರಾದರು, ಗಿರಣಿಯ ಚಿಮಣಿ ಎದ್ದಿತು, ಚುನಾವಣೆಗಳು ಬಂದವು, ಗೆದ್ದರು. ಹಗಲಿಡೀ ಊರನ್ನು ಗದರಿಸಿ ಆಳುವ ಮನುಷ್ಯ ರಾತ್ರಿ ದೀಪ ಆರಿಸಲು ಬಿಡುತ್ತಿರಲಿಲ್ಲ. ಜೆರ್‌ಬಾಯಿಯಂತೂ ಅವರ ಗೊರಕೆ ನಿಂತರೆ ಸಾಕು, ಎದ್ದು ಕೂತು ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದಳು. ಗಂಡನ ಗೊರಕೆಗಾಗಿ ದೇವರಿಗೆ ಕೈಮುಗಿದ ಹೆಂಗಸು ಆ ಊರಲ್ಲಿ ಅವಳೊಬ್ಬಳೇ ಇದ್ದಳೇನೋ.

ಆಮೇಲೆ ಪ್ಲೇಗಿನ ವರ್ಷ ಬಂತು, ಆಲಾಮಾಯ್‌ಳ ಪ್ರಕರಣ ಬಂತು.

ಆಲಾಮಾಯ್ ದೋಣಿಗಳಿಗೆ ಬಣ್ಣ ಬಳಿಯುವವನ ಹೆಂಡತಿ. ಗಜ್ಜರಿ, ಒಣದ್ರಾಕ್ಷಿ ಹಾಕಿ ಅವಳು ಮಾಡುವ ಸಿಹಿ ಉಪ್ಪಿನಕಾಯಿ ಇಲ್ಲದೆ ಆ ಬೀದಿಯಲ್ಲಿ ಒಂದು ಮದುವೆಯೂ ಆಗುತ್ತಿರಲಿಲ್ಲ. ಬಾಯಿ ಸ್ವಲ್ಪ ಜೋರು, ಕೈರುಚಿ ಅದಕ್ಕಿಂತ ಜೋರು. ಪ್ಲೇಗು ಬಡಿದು ಅವಳು ಕಣ್ಣು ಮುಚ್ಚಿದಾಗ ಊರಲ್ಲಿ ದಿನವೂ ಹೆಣ ಏಳುತ್ತಿತ್ತು. ಎಲ್ಲರಿಗೂ ಅವಸರ. ನಾಯಿ ನೋಡಿತೋ ಇಲ್ಲವೋ, ನೋಡಿದವರು ಯಾರು? ಅವಳನ್ನು ಗುಡ್ಡದ ಮೇಲಿನ ದಖ್ಮಾಕ್ಕೆ, ಆಕಾಶಕ್ಕೆ ತೆರೆದ ದುಂಡು ಕಲ್ಲುಗೋಡೆಯೊಳಕ್ಕೆ ಒಯ್ದು ಮಲಗಿಸಿ ಬಂದರು. ಇನ್ನೇನು ಹದ್ದುಗಳು ಇಳಿಯಬೇಕು, ಅವಳಿಗೆ ಎಚ್ಚರವಾಯಿತು. ಕೂಗಿಕೊಂಡಳು. ಬಾಗಿಲ ಹತ್ತಿರ ಇನ್ನೂ ಬೀಗ ಹಾಕುತ್ತಿದ್ದ, ಹೆಣ ಹೊರುವ ಬರಜೋರ್ ನಡುಗುತ್ತ ಒಳಗೆ ಹೋಗಿ ಅವಳನ್ನು ಕೈಹಿಡಿದು ಆಚೆ ತಂದ.

ಬದುಕಿ ಬಂದಳಲ್ಲ ಎಂದು ಯಾರಾದರೂ ಸಂತೋಷಪಟ್ಟರೇ? ಇಲ್ಲ ಕಣ್ರೀ. ದಖ್ಮಾದೊಳಗೆ ಹೋದವರು ಹೊರಗೆ ಬರಬಾರದು, ಬಂದರೆ ಅವರನ್ನು ಸೇರಿಸಿಕೊಳ್ಳಬಾರದು ಎಂದು ಯಾವುದೋ ಕಾಲದ ಒಂದು ಕಟ್ಟಳೆಯಿತ್ತಂತೆ. ಎಲ್ಲರೂ ಮರೆತಿದ್ದ ಅದನ್ನು ಯಾರೋ ಹಿರಿಯರು ನೆನಪು ಮಾಡಿ ತೆಗೆದರು. ಗಂಡನ ಮನೆಯವರು ಬಾಗಿಲು ತೆರೆಯಲಿಲ್ಲ. ಅಂಜುಮನ್ ಸಭೆ ಸೇರಿತು. ಅರ್ಧ ಜನ ಸೇರಿಸಿಕೊಳ್ಳಿ ಎಂದರು, ಅರ್ಧ ಜನ ಬೇಡ ಎಂದರು. ಕೊನೆಗೆ ಅಧ್ಯಕ್ಷರ ಒಂದು ಮತದ ಮೇಲೆ ನಿಂತಿತು. ಅಂಜುಮನ್ನಿಗೂ ಅಧ್ಯಕ್ಷರು ಬೇಜನ್‌ಜಿ ಸೇಠರೇ.

ಅವರು ಬೇಡ ಎಂದರು.

ಮನೆಗೆ ಬಂದವರೇ ಕೋಟು ಬಿಚ್ಚದೆ ಮಂಚದ ಮೇಲೆ ಕೂತರು. ಜೆರ್‌ಬಾಯಿ ಕೇಳಿಯೇಬಿಟ್ಟಳು. "ಯಾಕ್ರೀ ಹಾಗ್ ಮಾಡಿದ್ರಿ? ನಿಮಗಿಂತ ಚೆನ್ನಾಗಿ ಅವಳ ಕಷ್ಟ ಯಾರಿಗೆ ಗೊತ್ತು?"

"ಅದಕ್ಕೇ ಜೆರೂ, ಅದಕ್ಕೇ. ನಾನು ಅವಳ ಪರ ಮಾತಾಡಿದ್ರೆ 'ಸೇಠ್‌ಗೆ ಯಾಕಪ್ಪಾ ಇಷ್ಟು ಕಾಳಜಿ' ಅಂತ ಒಬ್ಬ ಕೇಳ್ತಾನೆ. ಇನ್ನೊಬ್ಬ ಕೆದಕ್ತಾನೆ. ನನ್ನ ಎದೆ ಡವಡವ ಅಂತಿತ್ತು. ಬಾಯಿಗೆ ಬಂದದ್ದು ಅಂದುಬಿಟ್ಟೆ." ಅವಳ ಮೊಣಕೈ ಹಿಡಿದರು. "ಇವತ್ತು ನನ್ನ ಬಾಗಿಲನ್ನ ನಾನೇ ಹಾಕ್ಕೊಂಡೆ. ಇನ್ನು ನನಗೂ ವಾಪಸು ದಾರಿ ಇಲ್ಲ. ಜೆರೂ, ನನ್ನನ್ನ ಜೀವಂತ ಹೊತ್ಕೊಂಡು ಹೋಗೋಕೆ ಬಿಡಬೇಡ. ಯಾರು ಏನೇ ಹೇಳ್ಲಿ. ಮಾತು ಕೊಡು."

ಅವಳು ಮಾತು ಕೊಟ್ಟಳು. ಕೊಟ್ಟ ಕ್ಷಣದಿಂದ ಆ ಭಯ ಅವರಿಬ್ಬರದೂ ಆಯಿತು.

ಅಲ್ಲಿಂದಾಚೆಗೆ ಸೇಠರು ದಾನಕ್ಕೆ ಬಿದ್ದರು. ಆಸ್ಪತ್ರೆ ಎದ್ದಿತು. ಸತ್ತವರನ್ನು ಸರಿಯಾಗಿ ಪರೀಕ್ಷಿಸಲೆಂದೇ ಮುಂಬಯಿಯಿಂದ ಮಿನೋಚೆರ್ ಎಂಬ ಡಾಕ್ಟರನ್ನು ಕರೆಸಿದರು. ನಲ್ಲಿ ಬಂತು, ಧರ್ಮಶಾಲೆ ಬಂತು, ಹೆಣ್ಣುಮಕ್ಕಳ ಶಾಲೆ ಬಂತು. ಎಲ್ಲ ಬಂದವು, ಆದರೆ ಉಪ್ಪಿನ ಗದ್ದೆಗಳ ಕಡೆಯ ರಸ್ತೆಗೆ ಮಾತ್ರ ಅವರ ಗಾಡಿ ಒಂದು ದಿನವೂ ತಿರುಗಲಿಲ್ಲ. ಆ ರಸ್ತೆಯ ಕೊನೆಯಲ್ಲಿ, ದಖ್ಮಾ ಗುಡ್ಡದ ಆಚೆ, ಒಂದು ಗುಡಿಸಲಿನಲ್ಲಿ ಆಲಾಮಾಯ್ ಇದ್ದಳು. ಆಳಿನ ಕೈಯಲ್ಲಿ ತಿಂಗಳಿಗೊಂದು ಸಲ ಅಕ್ಕಿ ಹೋಗುತ್ತಿತ್ತು. ಅವಳು ಅದನ್ನು ತಿರುಗಿ ಕಳಿಸಲಿಲ್ಲ, ಥ್ಯಾಂಕ್ಸ್ ಎಂದೂ ಹೇಳಿಕಳಿಸಲಿಲ್ಲ.

ವರ್ಷಗಳು ಹೋದವು. ಸೇಠರ ಮೀಸೆ ಬೆಳ್ಳಗಾಯಿತು, ಮಖ್ಖಣ್ ನಾನ್‌ಖಟಾಯಿ ತಿಂದು ತಿಂದು ದಿಂಬಿನಂತಾಯಿತು. ಹೆಣ್ಣುಮಕ್ಕಳ ಶಾಲೆಯ ಹೊಸ ಕಟ್ಟಡ ತೆರೆಯಬೇಕಾಗಿದ್ದ ದಿನ, ಕಲೆಕ್ಟರ್ ಸಾಹೇಬರ ದೋಣಿ ಮಧ್ಯಾಹ್ನ ಬರುವುದಿತ್ತು. ಬೆಳಿಗ್ಗೆ ಸೇಠರು ಸ್ನಾನ ಮುಗಿಸಿ, ಸೊಂಟಕ್ಕೆ ಕಸ್ತಿಯ ಜನಿವಾರ ಸುತ್ತುತ್ತ ಪ್ರಾರ್ಥನೆ ಹೇಳುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಕಪಾಟಿಗೆ ಕೈ ಚಾಚಿದರು, ಸಿಗಲಿಲ್ಲ. ಬಿದ್ದ ಸದ್ದಿಗೆ ಜೆರ್‌ಬಾಯಿ ಅಡುಗೆಮನೆಯಿಂದ ಓಡಿಬಂದಳು.

ಡಾಕ್ಟರ್ ಮಿನೋಚೆರ್ ಬಂದರು. ನಳಿಗೆ ಇಟ್ಟು ಎದೆ ಕೇಳಿದರು, ಮೂಗಿಗೆ ಕನ್ನಡಿ ಹಿಡಿದರು, ರೆಪ್ಪೆ ಎತ್ತಿ ನೋಡಿದರು. ಮತ್ತೆ ಕೇಳಿದರು. ಆಮೇಲೆ ನಳಿಗೆ ಮಡಚಿ ಜೇಬಿಗೆ ಹಾಕಿದರು. ಆ ಮಡಚುವುದನ್ನು ನೋಡಿಯೇ ಜೆರ್‌ಬಾಯಿ ಅವರ ದಾರಿಗೆ ಅಡ್ಡ ನಿಂತಳು.

"ಇನ್ನೊಂದ್ಸಲ ನೋಡಿ ಡಾಕ್ಟ್ರೇ."

"ನೋಡಿದೆ ಅಮ್ಮ. ಎರಡು ಸಲ ನೋಡಿದೆ."

"ಹಿಂದೆ ಒಂದ್ಸಲ ಹೀಗೇ ಆಗಿತ್ತು. ಮದುವೆ ಆದ ಹೊಸದ್ರಲ್ಲಿ. ಆಮೇಲೆ ಎದ್ದು ಚಹಾ ಕೇಳಿದ್ರು."

ಇಷ್ಟು ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ಗುಟ್ಟು ಬಾಯಿಂದ ಜಾರಿತ್ತು. ಯಾರೂ ಗಾಬರಿಯಾಗಲಿಲ್ಲ. ಯಾರೂ ನಂಬಲಿಲ್ಲ, ಅದಕ್ಕೇ. ಡಾಕ್ಟರು ಕನಿಕರದಿಂದ ತಲೆ ತಗ್ಗಿಸಿದರು. ಸೇಠರ ಅಣ್ಣನ ಮಗ ಕೇಕೋಬಾದ್ ಅವಳ ಭುಜ ಹಿಡಿದು ಕೂರಿಸಿದ. "ಕಾಕೀ, ನಿಮಗೆ ಎಷ್ಟು ಸಂಕಟ ಆಗ್ತಿದೆ ಅಂತ ಗೊತ್ತು. ಕೂತ್ಕೊಳ್ಳಿ. ನಾನು ಎಲ್ಲಾ ನೋಡ್ಕೋತೀನಿ. ಕಲೆಕ್ಟರ್ ಸಾಹೇಬ್ರು ಹೇಗೂ ಬರ್ತಾ ಇದಾರೆ, ಮೆರವಣಿಗೆಗೇ ಬರ್ತಾರೆ. ಊರೇ ಬರುತ್ತೆ. ಸೂರ್ಯ ಮುಳುಗೋದ್ರೊಳಗೆ ಕರ್ಕೊಂಡು ಹೋಗ್ಬೇಕಲ್ಲ."

ಮುಳುಗುವುದರೊಳಗೆ. ಅವಳು ಕಿಟಕಿಯ ಬಿಸಿಲು ಎಲ್ಲಿಯವರೆಗೆ ಬಂದಿದೆ ಎಂದು ನೋಡಿದಳು.

ಕೇಕೋಬಾದ್ ಕೆಟ್ಟವನಲ್ಲ. ಅದೇ ಕಷ್ಟವಾದದ್ದು. ಅವನು ಒಳ್ಳೆಯ ಮನಸ್ಸಿನಿಂದ, ಕಣ್ಣೊರೆಸಿಕೊಳ್ಳುತ್ತ, ಚಿಕ್ಕ ಕೆಲಸವನ್ನೂ ಮರೆಯದೆ, ಅವಳ ಗಂಡನನ್ನು ಹದ್ದುಗಳ ಹತ್ತಿರಕ್ಕೆ ತಳ್ಳುತ್ತಿದ್ದ. ಎಲ್ಲರೂ ಒಳ್ಳೆಯವರೇ. ನಲ್ಲಿ ನೀರು ಕುಡಿದ ಹೆಂಗಸರೆಲ್ಲ ಗೇಟಿನಾಚೆ ಅಳುತ್ತಿದ್ದರು. ಅಂಗಡಿಗಳು ಬಾಗಿಲು ಹಾಕಿದ್ದವು. ಅಷ್ಟು ದೊಡ್ಡ ಪ್ರೀತಿಗೆ ಅಡ್ಡ ನಿಂತು ತಡೆಯುವುದಾದರೂ ಹೇಗೆ?

ಸೇಠರನ್ನು ಮೀಯಿಸಿ, ಹಳೆಯ ಬಿಳಿ ಬಟ್ಟೆ ಉಡಿಸಿ, ನಡುಮನೆಯಲ್ಲಿ ಕಲ್ಲಿನ ಮೇಲೆ ಮಲಗಿಸಿದರು. ಬರಜೋರ್ ಒಂದು ಕಬ್ಬಿಣದ ಮೊಳೆಯಿಂದ ಸುತ್ತ ನೆಲದ ಮೇಲೆ ಗೆರೆ ಎಳೆದ. ಇನ್ನು ಆ ಗೆರೆ ದಾಟಿ ಯಾರೂ ಮುಟ್ಟುವಂತಿಲ್ಲ, ಹೆಂಡತಿಯೂ ಇಲ್ಲ. ಮುಟ್ಟಿದರೆ ಮೈಲಿಗೆ. ಪುರೋಹಿತರಾದ ದಸ್ತೂರ್ ಫರೆದುನ್ ಮಂತ್ರ ಶುರುಮಾಡಿದರು. "ನಾಯಿ ತನ್ನಿ" ಎಂದರು.

ಜೆರ್‌ಬಾಯಿಗೆ ಅಲ್ಲಿಯವರೆಗೂ ಒಂದು ಧೈರ್ಯವಿತ್ತು. ಮಖ್ಖಣ್ ಇದೆ. ಮಖ್ಖಣ್ ಹೇಳುತ್ತದೆ.

ಮಖ್ಖಣ್ ಬಂತು. ಸೇಠರ ಮುಖ ನೋಡಿತು. ನೋಡಿತು, ನೋಡುತ್ತಲೇ ನಿಂತಿತು. ಜೆರ್‌ಬಾಯಿ ಎದ್ದುನಿಂತಳು. "ನೋಡ್ರಪ್ಪಾ! ಮುಖ ತಿರುಗಿಸ್ತಾ ಇಲ್ಲ! ನೋಡಿ!" ಅಷ್ಟರಲ್ಲಿ ನಾಯಿ ಗೆರೆಯ ಪಕ್ಕ ಆರಾಮಾಗಿ ಕೂತು, ಬಾಲ ಅಲ್ಲಾಡಿಸಿ, ಸೇಠರ ಬಲಗೈಯ ಕಡೆಗೆ ಕಣ್ಣಿಟ್ಟು ನಾಲಿಗೆ ಸವರಿಕೊಂಡಿತು.

ಅಳುತ್ತಿದ್ದ ಹೆಂಗಸರಲ್ಲಿ ಒಬ್ಬಳು ಮೂಗೊರೆಸಿಕೊಂಡು, "ಅಯ್ಯೋ ಪಾಪ, ನಾನ್‌ಖಟಾಯಿ ಕೇಳ್ತಾ ಇದೆ" ಎಂದಳು. ಅಳುವಿನ ನಡುವೆಯೇ ನಾಲ್ಕಾರು ಜನ ನಕ್ಕರು.

ಬರಜೋರ್ ಮೆಲ್ಲಗೆ ಅವಳ ಹತ್ತಿರ ಬಂದ. "ಬಾಯಿ, ತಪ್ಪು ತಿಳೀಬೇಡಿ. ಇದರ ನೋಟ ಲೆಕ್ಕಕ್ಕೆ ಬರಲ್ಲ. ಸೇಠ್‌ಜಿ ಚಪ್ಪಲಿ ಇಟ್ರೂ ಅದರ ಮುಂದೆ ಹೀಗೇ ಕೂರುತ್ತೆ ಇದು. ತಿನ್ನಿಸಿ ತಿನ್ನಿಸಿ ಸೇಠ್‌ಜಿಯೇ ಕೆಡಿಸಿಟ್ರು."

ಇಷ್ಟು ವರ್ಷ, ಪ್ರತಿ ಸಂಜೆ, ಚೂರು ಚೂರಾಗಿ, ತಮ್ಮ ಒಬ್ಬನೇ ಸಾಕ್ಷಿಯನ್ನು ಅವರೇ ಹಾಳುಮಾಡಿದ್ದರು. ಅಯ್ಯೋ ಮಂಕೇ, ಭಯದಲ್ಲಿ ಬುದ್ಧಿ ಎಲ್ಲಿಟ್ಟಿದ್ದೆ ಎಂದು ಜೆರ್‌ಬಾಯಿಗೆ ಹಣೆ ಚಚ್ಚಬೇಕೆನಿಸಿತು, ಅವರ ಹಣೆಯನ್ನೋ ತನ್ನ ಹಣೆಯನ್ನೋ.

"ಬೇರೆ ನಾಯಿ ತನ್ನಿ" ಎಂದಳು.

"ನಾಲ್ಕು ಕಣ್ಣಿನ ನಾಯಿ ಬೇರೆ ಎಲ್ಲಿದೆ ಬಾಯಿ? ಸೂರತ್ತಿಂದ ತರಿಸ್ಬೇಕು. ನಾಳೆ ಸಂಜೆ ಆಗುತ್ತೆ." ಬರಜೋರ್ ದನಿ ಇನ್ನೂ ತಗ್ಗಿಸಿದ. "ಉಪ್ಪಿನ ರಸ್ತೇಲಿ ಒಂದಿದೆ. ಆದ್ರೆ ಅವಳದು."

ಯಾರಿಗೂ ಹೇಳದೆ ಜೆರ್‌ಬಾಯಿ ಹಿತ್ತಲ ಬಾಗಿಲಿಂದ ಹೊರಬಿದ್ದಳು. ಗಂಡನ ಹೆಣ ನಡುಮನೆಯಲ್ಲಿಟ್ಟು ಹೆಂಡತಿ ಗಾಡಿ ಹತ್ತಿ ಹೋದಳೆಂದರೆ ಊರು ಏನೆನ್ನುತ್ತದೆ? ಏನಾದರೂ ಅನ್ನಲಿ, ಹಾಳಾಗಿ ಹೋಗಲಿ. ಗಾಡಿಯವನು ದಖ್ಮಾ ಗುಡ್ಡದ ಬುಡದಲ್ಲಿ ಕುದುರೆ ನಿಲ್ಲಿಸಿ, "ಇನ್ನು ಮುಂದೆ ಬರಲ್ಲ ಸೇಠಾಣಿ, ಹೊಡೆದ್ರೂ ಬರಲ್ಲ" ಎಂದ. ಅವಳು ಇಳಿದು ನಡೆದಳು. ತಲೆ ಎತ್ತಬಾರದು ಎಂದುಕೊಂಡರೂ ಎತ್ತಿದಳು. ದುಂಡು ಗೋಡೆಯ ಮೇಲೆ ಹದ್ದುಗಳು ಆಗಲೇ ಬಂದು ಸಾಲಾಗಿ ಕೂತಿದ್ದವು. ಅವುಗಳಿಗೆ ಯಾರು ಹೇಳಿದ್ದರು? ಜೆರ್‌ಬಾಯಿ ಸೀರೆ ಎತ್ತಿ ಹಿಡಿದು, ಆ ವಯಸ್ಸಿನಲ್ಲಿ, ಆ ದೇಹದಲ್ಲಿ, ಓಡಿದಳು.

ಆಲಾಮಾಯ್ ಗುಡಿಸಲ ಮುಂದೆ ಗಜ್ಜರಿ ಹೆಚ್ಚುತ್ತಿದ್ದಳು. ಕಾಲ ಬಳಿ ಒಂದು ಕಪ್ಪು ನಾಯಿ, ಕಣ್ಣ ಮೇಲೆ ಎರಡು ಮಚ್ಚೆ. ಅವಳು ಏಳಲಿಲ್ಲ.

"ಸೇಠಾಣಿ! ದಾರಿ ತಪ್ಪಿ ಬಂದ್ರಾ? ಅಕ್ಕಿ ಮೊನ್ನೇನೇ ಬಂತು."

"ನಿನ್ನ ನಾಯಿ ಬೇಕು ಆಲಾಮಾಯ್."

"ನನ್ನ ನಾಯೀನಾ?" ಅವಳು ಚಾಕು ಕೆಳಗಿಟ್ಟಳು. "ಅವತ್ತು ನಾನು ನಿಮ್ಮ ಗೇಟಿಗೆ ಬಂದು ಒಂದು ಲೋಟ ನೀರು ಕೇಳಿದ್ದೆ. ಗಂಟಲು ಒಣಗಿ ಬೆಂಕಿ ಆಗಿತ್ತು. ನೀವು ಕಿಟಕೀಲಿ ನಿಂತಿದ್ರಿ. ನೆನಪಿದ್ಯಾ?"

ನೆನಪಿತ್ತು. ಜೆರ್‌ಬಾಯಿ ಅವತ್ತು ಕಿಟಕಿಯ ಪರದೆ ಎಳೆದಿದ್ದಳು. "ನೆನಪಿದೆ" ಎಂದಳು. "ಭಯ ಆಗಿತ್ತು ನಂಗೆ. ಈಗ್ಲೂ ಭಯ ಆಗ್ತಿದೆ. ಅವರು ಬದುಕಿದಾರೆ ಅಂತ ನನ್ನ ಮನಸ್ಸು ಹೇಳ್ತಿದೆ, ಯಾರೂ ಕೇಳ್ತಾ ಇಲ್ಲ. ಸಂಜೆಗೆ ತಗೊಂಡು ಹೋಗಿಬಿಡ್ತಾರೆ. ನನ್ನ ಬೈಯಿ, ಉಗಿ, ಏನ್ ಬೇಕಾದ್ರೂ ಮಾಡು. ನಾಯಿ ಕೊಡು."

ಆಲಾಮಾಯ್ ಗುಡ್ಡದ ಕಡೆ, ಹದ್ದುಗಳ ಕಡೆ ನೋಡಿದಳು. ಅವಳ ಮುಖದಲ್ಲಿದ್ದ ಕೊಂಕೆಲ್ಲ ಇಳಿದುಹೋಯಿತು.

"ಒಳಗೆ ಎಚ್ಚರ ಆದಾಗ ಮೊದ್ಲು ಕಾಣೋದು ಆಕಾಶ, ಸೇಠಾಣಿ. ಏನ್ ಚೆನ್ನಾಗಿದೆ ಅನ್ಸುತ್ತೆ. ಆಮೇಲೆ ರೆಕ್ಕೆ ಸದ್ದು ಕೇಳ್ಸುತ್ತೆ." ಅವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. "ನನ್ನ ಶತ್ರುಗೂ ಅದು ಬೇಡ. ನಡೀರಿ. ಕಾಳೂ, ಬಾರೋ."

ಇಬ್ಬರು ಹೆಂಗಸರು, ಒಂದು ನಾಯಿ ಮುಂಬಾಗಿಲಿಂದಲೇ ಒಳಗೆ ಬಂದಾಗ ನಡುಮನೆಯಲ್ಲಿ ಮಂತ್ರ ನಿಂತಿತು. ಕಬ್ಬಿಣದ ಚಟ್ಟ ಆಗಲೇ ಬಂದಿತ್ತು. ಆಲಾಮಾಯ್‌ಳನ್ನು ಕಂಡು ಹೆಂಗಸರು ಸೀರೆ ಎಳೆದುಕೊಂಡು ಗೋಡೆಗೆ ಸರಿದರು. ಕೇಕೋಬಾದ್ ಹಲ್ಲು ಕಚ್ಚಿ, "ಕಾಕೀ, ಕಲೆಕ್ಟರ್ ಸಾಹೇಬ್ರು ಹೊರಗೆ ಕೂತಿದಾರೆ. ಏನಿದು ಅವಮಾನ?" ಎಂದ.

"ಒಂದು ನೋಟ" ಎಂದಳು ಜೆರ್‌ಬಾಯಿ. "ಇದು ಮುಖ ತಿರುಗಿಸಿದ್ರೆ ನಾನೇ ಚಟ್ಟಕ್ಕೆ ಕೈ ಮುಗೀತೀನಿ. ದಸ್ತೂರ್‌ಜಿ, ನಿಮ್ಮ ಕಾಲಿಗೆ ಬೀಳ್ತೀನಿ."

ದಸ್ತೂರ್ ಫರೆದುನ್ ವಯಸ್ಸಾದವರು, ಮೃದು ಮನಸ್ಸಿನವರು. ತಲೆಯಾಡಿಸಿದರು.

ಕಾಳುವಿಗೆ ಸೇಠರು ಯಾರೋ, ನಾನ್‌ಖಟಾಯಿ ಯಾವುದೋ. ಅದು ನೆಲ ಮೂಸುತ್ತ ಗೆರೆಯವರೆಗೆ ಬಂತು, ಮುಖ ಎತ್ತಿ ನೋಡಿತು. ನಾಯಿಯ ಬೆನ್ನ ಕೂದಲು ಮೆಲ್ಲಗೆ ನಿಗುರಿತು. ಒಂದು ಹೆಜ್ಜೆ ಹಿಂದೆ ಇಟ್ಟಿತು. ಆಮೇಲೆ ಆ ನಡುಮನೆ ಒಡೆದುಹೋಗುವಂತೆ ಬೊಗಳತೊಡಗಿತು.

"ಹೊಸ ಜಾಗ, ಅದಕ್ಕೆ" ಎಂದು ಕೇಕೋಬಾದ್ ಶುರುಮಾಡಿದವನು ಅಲ್ಲಿಗೇ ನಿಂತ. ಕಲ್ಲಿನ ಮೇಲೆ, ಬಿಳಿ ಬಟ್ಟೆಯೊಳಗೆ, ಸೇಠರ ಹೆಬ್ಬೆರಳು ಅಲುಗಿತು. ಗಂಟಲಲ್ಲಿ ಏನೋ ಗೊರಗುಟ್ಟಿತು. ಕಣ್ಣು ತೆರೆಯಿತು.

"ಯಾವ ನಾಯಿ ಅದು? ಓಡ್ಸಿ ಅದನ್ನ. ಜೆರೂ, ಚಹಾ ಆಯ್ತಾ?"

ಇಡೀ ಮನೆ ಒಂದೇ ಸಲ ಹಿಂದೆ ಸರಿಯಿತು. ಒಬ್ಬಳು ಕಿರುಚಿದಳು, ಯಾರೋ ಬಾಗಿಲಿಗೆ ಓಡಿದರು, ಡಾಕ್ಟರು ಜೇಬಿನಿಂದ ತೆಗೆದ ನಳಿಗೆ ಕೈಜಾರಿ ಬಿತ್ತು. ಜೆರ್‌ಬಾಯಿಗೆ ಬೆನ್ನಿಗೆ ಏನೋ ತಣ್ಣಗೆ ತಗುಲಿದಂತಾಗಿ ತಿರುಗಿ ನೋಡಿದರೆ ಗೋಡೆ. ತಾನೂ ಹಿಂದೆ ಸರಿದಿದ್ದಳು. ಇಡೀ ಬಾಳು ಯಾವ ಗಳಿಗೆಗಾಗಿ ಎಚ್ಚರ ಕೂತಿದ್ದಳೋ ಆ ಗಳಿಗೆ ಬಂದಾಗ, ಎದ್ದು ಕೂತ ಗಂಡನನ್ನು ನೋಡಿ, ಅವಳಿಗೆ ಹೆದರಿಕೆಯಾಗಿತ್ತು.

ಸೇಠರು ಕೂತಲ್ಲೇ ಸುತ್ತ ನೋಡಿದರು. ತಮ್ಮ ಮೈಮೇಲಿನ ಬಟ್ಟೆ, ನೆಲದ ಗೆರೆ, ಬಾಗಿಲ ಬಳಿಯ ಚಟ್ಟ, ಗೋಡೆಗೆ ಅಂಟಿ ನಿಂತ ನಂಟರು. ಅವರಿಗೆ ಎಲ್ಲ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತು. "ನೀರು" ಎಂದರು. ಯಾರೂ ಅಲುಗಲಿಲ್ಲ. "ಯಾರಾದ್ರೂ ಒಂದು ಲೋಟ ನೀರು ಕೊಡ್ರಪ್ಪಾ."

ಮೂಲೆಯ ತಾಮ್ರದ ಹಂಡೆಯಿಂದ ನೀರು ಮೊಗೆದ ಸದ್ದು ಕೇಳಿತು. ಆಲಾಮಾಯ್ ಲೋಟ ಹಿಡಿದು, ಗೆರೆ ದಾಟಿ, ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಆಲಾಮಾಯ್" ಎಂದರು ಸೇಠರು. "ಅವತ್ತು ನಾನು..."

"ಮೊದ್ಲು ಕುಡೀರಿ. ನೀರು ನಿಮ್ಮ ನಲ್ಲೀದೇ."

ಅವರು ಕುಡಿದರು, ಅರ್ಧ ಗದ್ದದ ಮೇಲೆ ಚೆಲ್ಲಿಕೊಂಡರು. ಆಗ ಜೆರ್‌ಬಾಯಿ ಗೋಡೆ ಬಿಟ್ಟಳು. ಗೆರೆ ಎಲ್ಲಿದೆ ಎಂದೂ ನೋಡದೆ ಹೋಗಿ ಗಂಡನ ತಲೆಯನ್ನು ಎದೆಗೆ ಒತ್ತಿಕೊಂಡಳು. ಬಿಸಿಯಿತ್ತು, ಬೆವರಿತ್ತು. ಅವಳು ಗೋಳೋ ಎಂದು ಅತ್ತಳು.

ದಸ್ತೂರ್ ಫರೆದುನ್ ಗಂಟಲು ಸರಿಮಾಡಿಕೊಂಡರು. "ಗಾಬರಿ ಆಗ್ಬೇಡಿ ಸೇಠ್‌ಜಿ. ಶುದ್ಧಿಗೆ ವಿಧಾನ ಇದೆ. ಒಂಬತ್ತು ರಾತ್ರಿ ಒಳಗಿದ್ದು ಸ್ನಾನ, ಪ್ರಾರ್ಥನೆ. ಆಮೇಲೆ ಎಲ್ಲಾ ಮೊದಲಿನ ಹಾಗೆ."

"ಆ ವಿಧಾನ ಪ್ಲೇಗಿನ ವರ್ಷಾನೂ ಇತ್ತಾ?"

ದಸ್ತೂರ್ ತಮ್ಮ ಬಿಳಿ ಅಂಗಿಯ ತೋಳನ್ನು ನೀವಿಕೊಂಡರು. "ಇತ್ತು ಸೇಠ್‌ಜಿ. ನಾನು ಅವತ್ತು ಸಭೇಲಿ ಹೇಳಿದ್ದೆ ಕೂಡ. ನಿಮ್ಮ ಓಟು ಆ ಕಡೆ ಬಿತ್ತು."

ಸೇಠರು ಒಳಗೆ ಇರಲು ಒಪ್ಪಲಿಲ್ಲ. ಜೆರ್‌ಬಾಯಿಯ ಹೆಗಲು ಹಿಡಿದು ತೂರಾಡುತ್ತ ಹೋಗಿ, ಕಲೆಕ್ಟರ್ ಸಾಹೇಬರು ಕಣ್ಣು ಬಿಟ್ಟು ನೋಡುತ್ತಿರುವಾಗಲೇ, ಹೆಣದ ಬಟ್ಟೆಯಲ್ಲೇ ವರಾಂಡದ ಮೆಟ್ಟಿಲ ಮೇಲೆ ಕೂತರು. ಆಲಾಮಾಯ್‌ಗೆ ಶುದ್ಧಿ ಆಗುವವರೆಗೆ ತಮಗೂ ಬೇಡ ಎಂದರು. ಅಂಜುಮನ್ ವಾರದೊಳಗೆ ಸೇರಿತು. ಈ ಸಲ ಯಾರೂ ಬೇಡವೆನ್ನಲಿಲ್ಲ. ಊರ ಯಜಮಾನ ಮೆಟ್ಟಿಲ ಮೇಲೆ ಕೂತು ಚಳಿಯಲ್ಲಿ ನಡುಗುತ್ತಿದ್ದರೆ ಕಟ್ಟಳೆಗಳು ಎಷ್ಟು ಬೇಗ ಮೆತ್ತಗಾಗುತ್ತವೆ ನೋಡಿ!

ಆಲಾಮಾಯ್ ಶುದ್ಧಿ ಮಾಡಿಸಿಕೊಂಡಳು. ಆದರೆ ಯಾರ ಮನೆಯ ಹೊಸ್ತಿಲನ್ನೂ ದಾಟಲಿಲ್ಲ. "ಅವತ್ತು ಸೇಠ್‌ಜಿ ಎದ್ದಾಗ ನೀವೆಲ್ಲಾ ಹಿಂದೆ ಸರಿದದ್ದನ್ನ ನೋಡಿದೀನಿ. ಮತ್ತೊಂದ್ಸಲ ನೋಡೋ ಧೈರ್ಯ ಇಲ್ಲ ನಂಗೆ" ಎಂದಳು. ಸೇಠರ ಗಾಡಿ ಮಾತ್ರ ಈಗ ದಿನ ಸಂಜೆ ಉಪ್ಪಿನ ರಸ್ತೆಗೆ ತಿರುಗುತ್ತಿತ್ತು. ಗುಡಿಸಲ ಮುಂದೆ ಇಬ್ಬರೂ ಕೂತು ಹೆಚ್ಚು ಮಾತಿಲ್ಲದೆ ಚಹಾ ಕುಡಿಯುತ್ತಿದ್ದರಂತೆ. ಕಾಳುವಿಗೆ ಒಂದು ಚೂರು ನಾನ್‌ಖಟಾಯಿಯನ್ನೂ ಕೊಡಬಾರದೆಂದು ಅವಳು ಕಟ್ಟಪ್ಪಣೆ ಮಾಡಿದ್ದಳು.

ಕೆಲವು ವರ್ಷಗಳ ಮೇಲೆ, ಒಂದು ಬೇಸಗೆಯ ಬೆಳಿಗ್ಗೆ, ಸೇಠರು ಮತ್ತೆ ಏಳಲಿಲ್ಲ. ಜೆರ್‌ಬಾಯಿ ಅಳುವ ಮೊದಲೇ ಉಪ್ಪಿನ ರಸ್ತೆಗೆ ಗಾಡಿ ಕಳಿಸಿದಳು. ಕಾಳು ಬಂತು. ನೋಡಿತು, ಮುಖ ತಿರುಗಿಸಿತು. "ಇನ್ನೊಂದ್ಸಲ" ಎಂದಳು. ತಿರುಗಿಸಿತು. ಮೂರನೆಯ ಸಲ ಅದು ಬರಲೇ ಒಪ್ಪದೆ, ಹೊಸ್ತಿಲಾಚೆ ನಿಂತ ಆಲಾಮಾಯ್‌ಳ ಕಾಲ ಬಳಿ ಹೋಗಿ ಮಲಗಿತು. ಕೊಟ್ಟ ಮಾತು ಮುಗಿದಿತ್ತು. ಜೆರ್‌ಬಾಯಿಗೆ ಈಗ ಬಂದ ಭಯ ಬೇರೆಯದು. ಇವತ್ತು ರಾತ್ರಿ ಯಾರ ಮೂಗಿನ ಹತ್ತಿರ ಬೆರಳು ಹಿಡಿಯಲಿ ಎನ್ನುವ ಭಯ. ಅವಳು ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಒಳಗೆ ಬಾ ಆಲಾ, ಕೂತ್ಕೋ."

"ಭಯ ಆಗುತ್ತೆ ಜೆರ್‌ಬಾಯಿ."

"ನಂಗೂ ಆಗುತ್ತೆ. ಅದಕ್ಕೇ ಕರೀತಾ ಇದೀನಿ."

ಆಲಾಮಾಯ್ ಕಾಳುವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಅವಳ ಪಕ್ಕದಲ್ಲಿ ಕೂತಳು.